ಖಾಲಿ ಜಾಗದ ಲೆಕ್ಕ

ಕಾಮರ್ಸ್ ಓದುವವಳಿಗೆ ಆರ್ಡುಯಿನೊ ಯಾಕೆ ಎಂದು ಗೆಳತಿಯರು ಕೇಳುತ್ತಾರೆ. ಕಾರಣ, ಸಿದ್ದಾಪುರದಲ್ಲಿರುವ ನನ್ನ ನಾನಿ. ಕಳೆದ ವರ್ಷ ಅವರ ಅಂಗಳದಲ್ಲಿ ಚಾಲಿಗೆಂದು ಹರವಿದ್ದ ಅಡಿಕೆ ಅಕಾಲದ ಮಳೆಗೆ ನೆನೆಯಿತು. ಒಳಗಿದ್ದವರಿಗೆ ಗೊತ್ತಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈ ಸಲ ರಜೆಯಲ್ಲಿ ಆರ್ಡುಯಿನೊ ಊನೊಗೆ ಮಳೆ ಸೆನ್ಸರ್, ತೇವಾಂಶ ಅಳೆಯುವ ಡಿಎಚ್‌ಟಿ11, ಬಜರ್ ಮತ್ತು ಪುಟ್ಟ ಓಎಲ್‌ಇಡಿ ಪರದೆ ಜೋಡಿಸಿದೆ. ನಾನಿಗೆ ಉರ್ದು ಮಾತ್ರ ಓದಲು ಬರುತ್ತದೆ. ಅಡಿಕೆ ಸುಲಿಯಲು ಬರುವ ಅಕ್ಕಂದಿರಿಗೆ ಕನ್ನಡ. ಹಾಗಾಗಿ ‘ಮಳೆ ಬಂತು’, ‘ತೇವ ಹೆಚ್ಚಿದೆ’ ಮುಂತಾದ 12 ಸೂಚನೆಗಳು ಎರಡೂ ಭಾಷೆಯಲ್ಲಿ ಬೇಕಿತ್ತು. ನಾನು ಬಳಸಿದ ಲೈಬ್ರರಿಯಲ್ಲಿ ಇದ್ದದ್ದು ಇಂಗ್ಲಿಷ್ ಅಕ್ಷರ ಮಾತ್ರ. ಆದ್ದರಿಂದ ಪ್ರತಿ ಸೂಚನೆಯನ್ನೂ ಚಿತ್ರ ಮಾಡಿದೆ. ಒಟ್ಟು 24 ಚಿತ್ರ.

ಪ್ರೋಗ್ರಾಂ ಬೋರ್ಡಿಗೆ ಏರಲೇ ಇಲ್ಲ. ‘ತುಂಬಾ ದೊಡ್ಡದು’ ಎಂದಿತು ಕಂಪ್ಯೂಟರ್.

ನೋಟ್‌ಬುಕ್ ತೆಗೆದು ಜಮಾ-ಖರ್ಚು ಬರೆದೆ. ಊನೊದ ಫ್ಲ್ಯಾಶ್ ಮೆಮೊರಿ 32,768 ಬೈಟ್. ಬೂಟ್‌ಲೋಡರ್ 512 ಬೈಟ್ ಮೊದಲೇ ಹಿಡಿದುಕೊಳ್ಳುತ್ತದೆ. ನಮ್ಮ ಕೈಗೆ 32,256. ಪರದೆಯಲ್ಲಿ ಅಡ್ಡಕ್ಕೆ 128, ಉದ್ದಕ್ಕೆ 64 ಚುಕ್ಕೆ. ಎಂಟು ಚುಕ್ಕೆಗೆ ಒಂದು ಬೈಟ್. ಒಂದು ಚಿತ್ರಕ್ಕೆ 1,024, ಇಪ್ಪತ್ನಾಲ್ಕಕ್ಕೆ 24,576. ಉಳಿದ 7,680 ಬೈಟ್ ಲೈಬ್ರರಿಗಳಿಗೇ ಸಾಲದು.

ಯಲ್ಲಾಪುರದ ಖಾಲಾರ ಮಗ ಸೈನ್ಸ್ ಓದುತ್ತಾನೆ. ಫೋನಿನಲ್ಲಿ, “ಉರ್ದು ತೆಗೆದುಬಿಡು, ಅರ್ಧ ಜಾಗ ಉಳಿಯುತ್ತೆ. ನಾನಿಗೆ ಬಜರ್ ಸಾಕು” ಎಂದ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅವರದೇ ಅಂಗಳದ ಯಂತ್ರವನ್ನು ಅವರೇ ಓದಲಾಗದಿದ್ದರೆ ಹೇಗೆ?

ರಾತ್ರಿ ಚಿತ್ರಗಳನ್ನು ಮತ್ತೆ ನೋಡಿದೆ. ಅಕ್ಷರ ಇದ್ದದ್ದು ನಡುವೆ ಒಂದಿಷ್ಟು. ಸುತ್ತಲೂ ಬರೀ ಕಪ್ಪು. ಆ ಖಾಲಿ ಜಾಗವನ್ನೂ ನಾನು ಬೈಟ್ ಲೆಕ್ಕದಲ್ಲಿ ತುಂಬಿಸಿದ್ದೆ! ಅಂಚು ಕತ್ತರಿಸಿ ಅಕ್ಷರದ ಪಟ್ಟಿಯನ್ನಷ್ಟೇ ಉಳಿಸಿದೆ: 96 ಅಡ್ಡ, 24 ಉದ್ದ. ಒಂದಕ್ಕೆ 288 ಬೈಟ್, ಎಲ್ಲ ಸೇರಿ 6,912. ಪರೀಕ್ಷೆಗೆಂದು ಬರೆದು ಮರೆತಿದ್ದ ಸಾಲುಗಳನ್ನೂ ಅಳಿಸಿದೆ. ಪ್ರೋಗ್ರಾಂ ಏರಿತು, ಎರಡೂ ಭಾಷೆಯೊಂದಿಗೆ.

ಜಾಗ ಸಾಲದಾದಾಗ ಯಾರನ್ನು ಬಿಡೋಣ ಎಂದು ಯೋಚಿಸುವ ಮೊದಲು, ಸುಮ್ಮನೆ ಜಾಗ ಹಿಡಿದದ್ದು ಯಾವುದು ಎಂದು ನೋಡಬೇಕು. ನನಗೆ ಅದು ತಡವಾಗಿ ಹೊಳೆಯಿತು.

ಸಿದ್ದಾಪುರದಲ್ಲಿ ಸೆನ್ಸರ್ ಮೇಲೆ ನೀರು ಚಿಮುಕಿಸಿದೆ. ಬಜರ್ ಕೂಗಿತು. ನಾನಿ ಕನ್ನಡಕ ಏರಿಸಿ ಪರದೆ ನೋಡಿ, “ಬಾರಿಷ್” ಎಂದು ಓದಿ ಅಂಗಳದ ಕಡೆ ಹೊರಟೇಬಿಟ್ಟರು. ಹೊರಗೆ ಚೆನ್ನಾಗಿ ಬಿಸಿಲಿತ್ತು.