ಬಂಡೆ ಹತ್ತಿಸುವ ವಲಸಿಗರು

ಹಗ್ಗದ ಆಸರೆಯಿಲ್ಲದೆ, ಕೈಬೆರಳು ಮತ್ತು ಕಾಲ್ತುದಿಗಳನ್ನೇ ನಂಬಿ ನಾಲ್ಕೈದು ಮೀಟರ್ ಎತ್ತರದ ಬಂಡೆ ಏರುವ ಆಟ ಬೌಲ್ಡರಿಂಗ್. ಹೊಸಪೇಟೆಯ ಆಚೆಗೆ ಹಂಪಿ, ಆನೆಗೊಂದಿ, ಕಂಪ್ಲಿಗಳತ್ತ ತುಂಗಭದ್ರೆಯ ಎರಡೂ ದಂಡೆಗಳಲ್ಲಿ ಹರಡಿರುವ ಕಲ್ಲುಗುಡ್ಡಗಳು ಈ ಆಟಕ್ಕೆ ಹೇಳಿಮಾಡಿಸಿದಂತಿವೆ. ಚಳಿಗಾಲ ಬಂತೆಂದರೆ ಪರದೇಶದ ಆರೋಹಿಗಳು ಇಲ್ಲಿಗೆ ಬರುತ್ತಾರೆ. ಕೆಲವರು ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಉಳಿಯುತ್ತಾರೆ. ಉಳಿದವರಲ್ಲಿ ಹಲವರು ಹೊಸಬರಿಗೆ ಕಲಿಸುತ್ತಾರೆ.   

ಇಲ್ಲಿನ ಕಲ್ಲು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ನೆಲದಾಳದಲ್ಲಿ ಹೆಪ್ಪುಗಟ್ಟಿದ ಶಿಲೆ ಅಡ್ಡಡ್ಡ, ಉದ್ದುದ್ದ ಬಿರುಕು ಬಿಟ್ಟಿತು. ಬಿರುಕುಗಳಿಗಿಳಿದ ನೀರು ಮೂಲೆಗಳನ್ನು ಸವೆಸುತ್ತ ಹೋದಂತೆ ಚೌಕಗಳು ಗುಂಡಾದವು. ಮೇಲಿನ ಮಣ್ಣು ಕೊಚ್ಚಿಹೋದ ಮೇಲೆ ಗುಂಡಿನ ಮೇಲೆ ಗುಂಡು ಪೇರಿಸಿಟ್ಟಂತೆ ಉಳಿದವು. ಈ ಗ್ರಾನೈಟಿನ ಹರಳು ದಪ್ಪ, ಮೈ ಒರಟು. ಶೂಗಳ ರಬ್ಬರ್ ಚೆನ್ನಾಗಿ ಕಚ್ಚುತ್ತದೆ, ಬೆರಳಿನ ಚರ್ಮ ಅಷ್ಟೇ ಬೇಗ ಸುಲಿಯುತ್ತದೆ. ಪಕ್ಕದಲ್ಲೇ ಇರುವ ಸಂಡೂರಿನ ಬೆಟ್ಟಗಳದು ಬೇರೆ ಜಾತಿ. ಕಬ್ಬಿಣದ ಅದಿರು ತುಂಬಿದ, ಪದರಪದರವಾದ ಆ ಶಿಲೆ ಗಣಿಗಳನ್ನು ಕರೆಯಿತು.

ಹಂಗಾಮನ್ನು ನಿರ್ಧರಿಸುವುದೂ ಕಲ್ಲೇ. ಬೇಸಿಗೆಯ ಬಿಸಿಲಿಗೆ ಕಾದ ಬಂಡೆಯ ಮೇಲೆ ಬೆವರಿದ ಕೈ ನಿಲ್ಲದು. ಹೀಗಾಗಿ ನವೆಂಬರಿನಿಂದ ಫೆಬ್ರವರಿವರೆಗಿನ ತಿಂಗಳುಗಳೇ ಪ್ರಶಸ್ತ. ಆಗಲೂ ಮುಂಜಾನೆ ಮತ್ತು ಇಳಿಹೊತ್ತಿನಲ್ಲಿ ಹತ್ತಿ, ನಡುಹಗಲು ನೆರಳು ಹುಡುಕುವುದು ವಾಡಿಕೆ. ಕರಡಿ, ಚಿರತೆಗಳ ಓಡಾಟವಿರುವ ಸೀಮೆಯಾದ್ದರಿಂದ ಕತ್ತಲಾಗುವ ಮೊದಲೇ ಗುಡ್ಡ ಇಳಿಯಬೇಕು.

ಪಾಠ ಶುರುವಾಗುವುದು ಬೀಳುವುದರಿಂದ. ಬಂಡೆಯ ಬುಡದಲ್ಲಿ ಕ್ರ್ಯಾಶ್ ಪ್ಯಾಡ್ ಎಂಬ ದಪ್ಪ ಮೆತ್ತೆ ಹಾಸಲಾಗುತ್ತದೆ. ಎಲ್ಲಿ ಬೀಳಬಹುದೆಂದು ಊಹಿಸಿ ಅದನ್ನು ಹಾಸುವುದೇ ಒಂದು ವಿದ್ಯೆ. ಮಂಡಿ ಸಡಿಲಿಸಿ ಎರಡೂ ಪಾದಗಳ ಮೇಲೆ ಇಳಿಯಬೇಕು, ಕೈಯೂರಬಾರದು. ಕೆಳಗೆ ನಿಂತು ಕಾಯುವವರ ಕೆಲಸ ಬೀಳುವವರನ್ನು ಎತ್ತಿಹಿಡಿಯುವುದಲ್ಲ. ತಲೆ, ಬೆನ್ನು ಕಲ್ಲಿಗೆ ಬಡಿಯದಂತೆ ಮೆತ್ತೆಯತ್ತ ತಿರುಗಿಸುವುದು. ಇದಾದ ಮೇಲೆ ಕಾಲಿನ ಪಾಠ. ಹೊಸಬರು ತೋಳಿನಿಂದ ಮೈಯನ್ನು ಎಳೆದುಕೊಂಡು ಬೇಗ ಸೋಲುತ್ತಾರೆ. ಅನುಭವಿಗಳು ಕಾಲಿನಿಂದ ತಳ್ಳುತ್ತಾರೆ. ಏರುವ ಮುನ್ನವೇ ಇಳಿಯುವ ದಾರಿ ನೋಡಿಕೊಂಡಿರಬೇಕು. ಬೆವರು ಹೀರಲು ಕೈಗೆ ಬಳಿಯುವ ಚಾಕ್ ಮೆಗ್ನೀಷಿಯಂ ಕಾರ್ಬೊನೇಟಿನ ಪುಡಿ. ಜಿಮ್ನಾಸ್ಟ್ ಆಗಿದ್ದ ಅಮೆರಿಕದ ಜಾನ್ ಗಿಲ್ 1950ರ ದಶಕದಲ್ಲಿ ಅದನ್ನು ಬಂಡೆಗೆ ತಂದವರು. ಪ್ರತಿಯೊಂದು ಏರುದಾರಿಗೂ ‘ಪ್ರಾಬ್ಲಂ’ ಎಂಬ ಹೆಸರುಂಟು. ಅದರ ಕಾಠಿಣ್ಯಕ್ಕೆ ವಿ-0ಯಿಂದ ವಿ-17ರವರೆಗೆ ಅಂಕವುಂಟು.

ಕ್ರಿಸ್ ಶರ್ಮಾ ಎಂಬ ಅಮೆರಿಕದ ಆರೋಹಿಯ ಹಂಪಿ ಯಾತ್ರೆಯನ್ನು ಚಿತ್ರಿಸಿದ ‘ಪಿಲ್‌ಗ್ರಿಮೇಜ್’ ಚಿತ್ರ 2000ರ ದಶಕದ ಆರಂಭದಲ್ಲಿ ಈ ಬಂಡೆಗಳನ್ನು ಜಗತ್ತಿನ ಆರೋಹಿಗಳಿಗೆ ಪರಿಚಯಿಸಿತು. ವಿರೂಪಾಕ್ಷ ಗುಡಿಯ ಎದುರು ದಂಡೆಯ ವಿರೂಪಾಪುರಗಡ್ಡಿ ಅವರ ಬಿಡಾರವಾಯಿತು. ಮೆತ್ತೆ ಬಾಡಿಗೆಗೆ ಕೊಡುವ ಅಂಗಡಿಗಳು ಹುಟ್ಟಿದವು. ನೋಡುತ್ತ ನಿಂತಿದ್ದ ಊರ ಹುಡುಗರು ಶೂ ಕಟ್ಟಿದರು, ಕೆಲವರು ತಾವೇ ಕಲಿಸುವವರಾದರು. ಪ್ರವಾಸಿ ವೀಸಾದಲ್ಲಿ ಬಂದವರು ಇಲ್ಲಿ ಸಂಬಳಕ್ಕೆ ದುಡಿಯುವಂತಿಲ್ಲ. ಹಾಗಾಗಿ ಹಣ ಪಡೆದು ಕಲಿಸುವ ವೃತ್ತಿ ಸಹಜವಾಗಿ ಸ್ಥಳೀಯರಿಗೇ ಸೇರಿದ್ದು. ಹೊರಗಿನವರದು ಬಹುಪಾಲು ಒಡನಾಟದ ಕಲಿಕೆ.

ಗಡ್ಡಿಯ ಬಿಡಾರ ಶಾಶ್ವತವಾಗಲಿಲ್ಲ. ಹಂಪಿ 1986ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಅದರ ವ್ಯಾಪ್ತಿಯಲ್ಲಿದ್ದ ಗಡ್ಡಿಯ ರೆಸಾರ್ಟ್‌ಗಳು ಅಕ್ರಮವೆಂಬ ಹೈಕೋರ್ಟ್ ತೀರ್ಪನ್ನು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮರುತಿಂಗಳು ಅವು ನೆಲಸಮವಾದವು. ತಂಗುವವರು ಆನೆಗೊಂದಿ, ಸಣಾಪುರಗಳತ್ತ ಸರಿದರು. ಬಂಡೆಗಳು ಇದ್ದಲ್ಲೇ ಇವೆ, ಕಟ್ಟುಪಾಡುಗಳೂ ಇವೆ. ಸ್ಮಾರಕದ ಗೋಡೆ, ಕಂಬ, ಕೆತ್ತನೆಯಿರುವ ಬಂಡೆಗಳನ್ನು ಏರಕೂಡದು. ಕಲ್ಲು ಸೀಳಲು ಶಿಲ್ಪಿಗಳು ಸಾಲುಕುಳಿ ತೋಡಿ ಬೆಣೆ ಬಡಿದ ಗುರುತುಗಳೂ ಚರಿತ್ರೆಯ ದಾಖಲೆಗಳೇ ಆದ್ದರಿಂದ ಅಲ್ಲಿ ಕಾಲಿಡಬಾರದು. ಏರಿಳಿದ ಬಳಿಕ ಚಾಕಿನ ಬಿಳಿ ಕಲೆಯನ್ನು ಬ್ರಶ್ಶಿನಿಂದ ಉಜ್ಜಿ ತೆಗೆಯಬೇಕು. ಯಾವ ಬಂಡೆ ಏರಬಹುದು, ಯಾವುದನ್ನು ಮುಟ್ಟಬಾರದು ಎಂಬ ಈ ತಿಳಿವಳಿಕೆಯಲ್ಲಿ ಊರಿನ ಹುಡುಗರು ವಲಸೆ ಬಂದ ಗುರುಗಳಿಗಿಂತ ಮುಂದಿದ್ದಾರೆ.