ನೀರೆತ್ತುವ ಮನೆಯ ಬಂಗಾರದ ಹಕ್ಕಿಗಳು



ನೀರಿನ ಪಂಪ್‌ಹೌಸ್ ನೋಡಲು ಯಾರಾದರೂ ಟಿಕೆಟ್ ಕೊಳ್ಳುತ್ತಾರೆಯೇ ಎಂದು ನೀವು ನಗಬಹುದು. ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನಾನು ಕೊಂಡೆ! ನಾಟಿಂಗ್‌ಹ್ಯಾಮ್ ನಗರದ ಉತ್ತರಕ್ಕೆ, ಹೊಲಗದ್ದೆಗಳ ನಡುವೆ ಪ್ಯಾಪಲ್‌ವಿಕ್ ಪಂಪಿಂಗ್ ಸ್ಟೇಷನ್ ಇದೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, 1881ರಿಂದ 1884ರ ನಡುವೆ ಕಟ್ಟಿದ್ದು. ಅದನ್ನು ರೂಪಿಸಿದವರು ಆ ನಗರಸಭೆಯ ಎಂಜಿನಿಯರ್ ಮ್ಯಾರಿಯಟ್ ಓಗಲ್ ಟಾರ್ಬಟನ್.

ಹೊರಗಿನಿಂದ ನೋಡಿದರೆ ಕೆಂಪು ಇಟ್ಟಿಗೆಯ ಇಗರ್ಜಿಯೇನೋ ಅನ್ನಿಸುತ್ತದೆ. ಎದುರಿಗೊಂದು ಚೆಂದದ ಕೊಳ. ಅದು ಬರೀ ಅಂದಕ್ಕಲ್ಲ. ಎಂಜಿನ್ನಿನ ಉಗಿಯನ್ನು ಮತ್ತೆ ನೀರಾಗಿಸಲು ತಣ್ಣೀರು ಬೇಕಲ್ಲ, ಅದು ಈ ಕೊಳದಿಂದ. ಒಳಗೆ ಜೇಮ್ಸ್ ವಾಟ್ ಕಂಪನಿಯ ಎರಡು ಉಗಿ ಎಂಜಿನ್‌ಗಳಿವೆ. ನಮ್ಮ ಹಳ್ಳಿಗಳ ಏತವನ್ನು ನೀವು ನೋಡಿರಲಾರಿರಿ. ಅಜ್ಜನನ್ನು ಕೇಳಿ ತಿಳಿದುಕೊಳ್ಳಿ. ಇದೂ ಒಂದು ದೈತ್ಯ ಏತವೇ. ಕಬ್ಬಿಣದ ತೊಲೆಯ ಒಂದು ತುದಿಯನ್ನು ಉಗಿ ಏರಿಸಿ ಇಳಿಸುತ್ತದೆ. ಆ ಓಲಾಟಕ್ಕೆ ಸುಮಾರು 200 ಅಡಿ ಆಳದ ಬಾವಿಯ ನೀರು ಮೇಲೇರುತ್ತಿತ್ತು. ತೊಲೆಯ ಭಾರ ಹೊರುವುದು ಕಟ್ಟಡದ ಗೋಡೆ ಮತ್ತು ಕಂಬಗಳು. ಹಾಗಾಗಿ ಕಟ್ಟಡ ಯಂತ್ರಕ್ಕೆ ಬರೀ ಹೊದಿಕೆಯಲ್ಲ, ಯಂತ್ರದ್ದೇ ಒಂದು ಅಂಗ.

ಆ ಕಂಬಗಳನ್ನು ನೋಡಬೇಕು! ಮೈಮೇಲೆ ನೀರುಗಿಡಗಳ ನಡುವೆ ಈಜುವ ಹಿತ್ತಾಳೆಯ ಮೀನುಗಳು, ನೆತ್ತಿಯಲ್ಲಿ ಬಂಗಾರದ ಬಣ್ಣದ, ಉದ್ದ ಕೊಕ್ಕಿನ ಹಕ್ಕಿಗಳು. ಕಿಟಕಿಗಳಿಗೆ ಬಣ್ಣದ ಗಾಜು. ಊರಾಚೆಯ ಈ ಮನೆಯೊಳಗೆ ದಿನವೂ ಇರುತ್ತಿದ್ದವರು ಎಂಜಿನ್ ನೋಡಿಕೊಳ್ಳುವವರು, ಕಲ್ಲಿದ್ದಲು ಹಾಕುವವರು. ಅವರಿಗಾಗಿ ಇಷ್ಟೊಂದು ಸಿಂಗಾರವೇ?

ನನಗೆ ನಮ್ಮಮ್ಮ ನೆನಪಾದರು. ಮುಂಬಯಿಯ ಚಾಳಿನಲ್ಲಿ ನಸುಕಿನ ನಾಲ್ಕಕ್ಕೆ ಎದ್ದು, ಕೆಳಗಿನ ನಲ್ಲಿಯಿಂದ ಮೂರನೇ ಮಾಳಿಗೆಗೆ ಕೊಡ ಹೊರುತ್ತಿದ್ದರು. ಆ ಸೊಂಟನೋವು ಅವರನ್ನು ಕೊನೆತನಕ ಬಿಡಲಿಲ್ಲ. ನೀರನ್ನು ಯಾರಾದರೂ ಎತ್ತಲೇಬೇಕು. ಯಂತ್ರ ಎತ್ತದಿದ್ದರೆ ಹೆಂಗಸಿನ ಸೊಂಟ ಎತ್ತಬೇಕು. ಆ ಭಾರ ಬಲ್ಲವರಿಗೆ ಈ ಸಿಂಗಾರ ದುಂದು ಅನ್ನಿಸದು. ಆಯುಧಪೂಜೆಯ ದಿನ ನಾವು ಯಂತ್ರಕ್ಕೆ ಹೂ ಮುಡಿಸುವುದಿಲ್ಲವೇ? ಅವರು ಬಾಡದ ಹೂವನ್ನೇ ಮುಡಿಸಿದರು, ಅಷ್ಟೆ.

1969ರಲ್ಲಿ ವಿದ್ಯುತ್ ಪಂಪುಗಳು ಬಂದು ಎಂಜಿನ್‌ಗಳು ನಿಂತವು. ಗುಜರಿಗೆ ಹೋಗಲಿಲ್ಲ. 1974ರಲ್ಲಿ ಟ್ರಸ್ಟ್ ಒಂದು ಹುಟ್ಟಿತು. ಇಂದಿಗೂ ಗೊತ್ತಾದ ದಿನಗಳಲ್ಲಿ ಸ್ವಯಂಸೇವಕರು ಬಾಯ್ಲರ್ ಹೊತ್ತಿಸಿ ತೊಲೆಯನ್ನು ಆಡಿಸುತ್ತಾರೆ.

ಅದೇ ಕಾಲದಲ್ಲಿ ನಮ್ಮಲ್ಲೂ ಕೆಲಸ ನಡೆದಿತ್ತು. ಮುಂಬಯಿಗೆ 1860ರಲ್ಲಿ ವಿಹಾರ್, 1892ರಲ್ಲಿ ತಾನ್ಸಾ ನೀರು ಬಂತು. 1896ರಲ್ಲಿ ಹೆಸರಘಟ್ಟದ ನೀರನ್ನು ಸೋಲದೇವನಹಳ್ಳಿಯ ಉಗಿ ಪಂಪುಗಳು ಬೆಂಗಳೂರಿಗೆ ತಲುಪಿಸಿದವು. ನೀವಿರುವ ಊರಿಗೆ ನೀರು ಎಲ್ಲಿಂದ ಬರುತ್ತದೆ, ಯಾರು ಎತ್ತುತ್ತಾರೆ? ಒಂದು ಭಾನುವಾರ ಹುಡುಕಿಕೊಂಡು ಹೋಗಿ. ಹೊರಡುವ ಮುನ್ನ ಅಜ್ಜಿಯನ್ನೊಮ್ಮೆ ಕೇಳಿ, ಅವರು ನೀರು ಹೊತ್ತದ್ದು ಎಷ್ಟು ದೂರದಿಂದ ಎಂದು.