ಮಾಸ್ತಮ್ಮನ ಹೆಸರು

ಮನೆಯಲ್ಲಿ ಎಂ.ಎ.ಗೆ ಚರಿತ್ರೆ ಓದುವ ಹುಡುಗನಿದ್ದರೆ ಒಂದು ಅನುಕೂಲವುಂಟು: ಅವನ ಪುಸ್ತಕಗಳನ್ನು ಪರೀಕ್ಷೆಯ ಭಯವಿಲ್ಲದೆ ನಾವೂ ಓದಬಹುದು. ನನ್ನ ಸೋದರಳಿಯ ಮುಳಬಾಗಿಲಿನವನು, ಓದು ಕೋಲಾರದಲ್ಲಿ. ಸಾಂಸ್ಕೃತಿಕ ಚರಿತ್ರೆಯ ಮೇಲೆ ಅವನದೊಂದು ದೂರು. “ಮಾವ, ಇದರಲ್ಲಿ ಇಟಲಿಯ ಗಿರಣಿಯವನಿದ್ದಾನೆ, ಇಂಗ್ಲೆಂಡಿನ ನೇಕಾರರಿದ್ದಾರೆ. ನಮ್ಮ ಕಡೆಯವರು ಒಬ್ಬರೂ ಇಲ್ಲ.”

ಆ ಗಿರಣಿಯವನ ಕಥೆಯನ್ನು ಕಾರ್ಲೊ ಗಿನ್ಸ್‌ಬರ್ಗ್ 1976ರಲ್ಲಿ ಬರೆದ. 16ನೆಯ ಶತಮಾನದ ಆ ಬಡಪಾಯಿಯ ಮಾತುಗಳು ಉಳಿದದ್ದು, ಅವನನ್ನು ವಿಚಾರಿಸಿ ಮರಣದಂಡನೆಗೆ ಗುರಿಮಾಡಿದ ಧರ್ಮಾಧಿಕಾರಿಗಳ ಕಾಗದಗಳಲ್ಲಿ. ಅದರಲ್ಲಿ ಅವನ ದನಿ ಎಷ್ಟು, ಬರೆದುಕೊಂಡ ಗುಮಾಸ್ತನ ದನಿ ಎಷ್ಟು? ಈ ಶಾಸ್ತ್ರದ ಜಗಳಗಳು ಸುತ್ತಿ ಸುತ್ತಿ ಇಲ್ಲಿಗೇ ಬರುತ್ತವೆ.

ನಮ್ಮ ಕಡೆ ಮಾತು ಹೋಗಿ ಕಲ್ಲು ಉಳಿದಿದೆ. ಮಾಲೂರು ತಾಲ್ಲೂಕಿನ ಮಾಸ್ತಿಯೆಂದರೆ ನಮಗೆಲ್ಲ ವೆಂಕಟೇಶ ಅಯ್ಯಂಗಾರ್ಯರ ನೆನಪು. ಆದರೆ ಮಾಸ್ತಿಯೆಂಬುದು ‘ಮಹಾಸತಿ’ಯ ತದ್ಭವ. ಗಂಡನ ಚಿತೆಯೇರಿದ ಹೆಂಗಸಿನ ನೆನಪಿಗೆ ನಿಲ್ಲಿಸಿದ್ದು ಮಾಸ್ತಿಕಲ್ಲು. ಬಳೆ ತೊಟ್ಟು ಮೇಲೆತ್ತಿದ ಕೈ ಅದರ ಗುರುತು. ಬಿ.ಎಲ್. ರೈಸ್ ಈ ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಅಚ್ಚುಹಾಕಿಸಿದರು. 1966ರಲ್ಲಿ ಚಿದಾನಂದಮೂರ್ತಿಗಳ ಗ್ರಂಥ ಬಂದು, ಶಾಸನಗಳಲ್ಲಿ ಜನಜೀವನವನ್ನು ಹುಡುಕುವ ದಾರಿ ತೋರಿತು. ಅಕ್ಷರವೇ ಇಲ್ಲದ ಕಲ್ಲನ್ನು ಓದುವುದು ಹೇಗೆ?

ಅಂಥದೊಂದು ಕಲ್ಲು ಹುಡುಗನ ಅಜ್ಜಿಯ ಊರಿನಲ್ಲಿದೆ, ಶ್ರೀನಿವಾಸಪುರದ ಆಚೆ, ಮಾವಿನ ತೋಪಿನ ಅಂಚಿನಲ್ಲಿ. ಶುಕ್ರವಾರ ಶುಕ್ರವಾರ ಆಕೆ ಅದಕ್ಕೆ ಅರಿಸಿನ ಕುಂಕುಮ ಇಡುತ್ತಾರೆ. ಅವರ ಮನೆಮಾತು ತೆಲುಗು. ಮೊಮ್ಮಗ ಅದರಲ್ಲೇ ಕೇಳಿದನಂತೆ.

“ಅವ್ವಾ, ಇವಳ ಹೆಸರೇನು?”

“ಮಾಸ್ತಮ್ಮ.”

“ಅದು ಸತ್ತಮೇಲೆ ಬಂದದ್ದು. ಹೆತ್ತವರು ಇಟ್ಟ ಹೆಸರು?”

“ದೇವರಿಗೆ ಹೆತ್ತವರೇನೋ, ಹುಚ್ಚಾ!”

ಹುಡುಗ ಗಾಯತ್ರಿ ಸ್ಪಿವಾಕರ 1988ರ ಪ್ರಬಂಧವನ್ನು ತೆಗೆದ. ಸಹಗಮನವನ್ನು ನಿಷೇಧಿಸಿದ ಬಿಳಿಯರು ತಾವು ಅವಳನ್ನು ಉಳಿಸಿದೆವೆಂದರು. ಇಲ್ಲಿಯ ಗಂಡಸರು ಅವಳೇ ಬಯಸಿ ಸತ್ತಳೆಂದರು. ಇಬ್ಬರ ನಡುವೆ ಅವಳ ಮಾತು ಮಾತ್ರ ಕೇಳಿಸುವುದಿಲ್ಲ, ಎಂಬುದು ಅಲ್ಲಿಯ ವಾದ.

“ಹಾಗಾದರೆ ಅವ್ವ ಯಾರ ಪಕ್ಷ, ಮಾವ?”

ಒಳ್ಳೆಯ ಪ್ರಶ್ನೆ. ಆಕೆ ಪಾತಿವ್ರತ್ಯಕ್ಕೆ ಕೈಮುಗಿಯುತ್ತಾರೆಂದು ಬರೆದರೆ ಅನ್ಯಾಯ. ಆಕೆ ಬೇಡುವುದು ಮಳೆಯನ್ನು, ಹಸು ಸುಸೂತ್ರವಾಗಿ ಈಯಲೆಂಬುದನ್ನು. ಅದನ್ನೇ ಪ್ರತಿಭಟನೆಯೆಂದು ಬರೆದರೆ ಹಸಿ ಸುಳ್ಳು. ಪಂಡಿತರಿಗೆ ಈ ಎರಡರಲ್ಲೊಂದು ಬೇಕೇ ಬೇಕು. ಅಜ್ಜಿಗೆ ಎರಡೂ ಬೇಡ.

ಹುಡುಗ ಕಿರುಪ್ರಬಂಧಕ್ಕೆ ಅದೇ ಕಲ್ಲನ್ನು ಆರಿಸಿಕೊಂಡಿದ್ದಾನೆ. ಎತ್ತರ ಅಳೆದ, ದಿಕ್ಕು ಗುರುತಿಸಿದ. ಹೆಸರು ಎಂಬಲ್ಲಿ ‘ಮಾಸ್ತಮ್ಮ’ ಎಂದು ಬರೆದ. ಅದರ ಕೆಳಗೆ, ಹೇಳಿದವರು ಎಂಬಲ್ಲಿ, ಅವ್ವನ ಹೆಸರು ಬೇಕಾಯಿತು. ಅದನ್ನು ರೇಷನ್ ಕಾರ್ಡು ನೋಡಿ ಬರೆದುಕೊಂಡ.